ಗುಂಟೆ ಲೆಕ್ಕದವನು ಕಂಡ ವಿನ್ನೆಶೀಕ್ ಕೌಂಟಿ: ನಾಲ್ಕು ದಿನ

ಮೊದಲ ದಿನ, ಗುರುವಾರ

ಮಗಳ ಮನೆ ಮಿನ್ನೆಸೋಟಾದ ರಾಚೆಸ್ಟರ್‌ನಲ್ಲಿ. ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರಿಗೆ ತೋರಿಸುವ ನಯಾಗರ, ಷಿಕಾಗೊ, ದೇವಸ್ಥಾನ ಎಲ್ಲ ಮುಗಿದಿತ್ತು. "ಇನ್ನೆಲ್ಲಿಗೆ ಹೋಗೋಣಪ್ಪ?" ಅಂದಳು. "ಎಲ್ಲಾದರೂ ಹಳ್ಳಿ ಕಡೆ" ಅಂದೆ. ನನ್ನವಳು ಅಡುಗೆಮನೆಯಿಂದಲೇ "ಅಲ್ಲಿಗೂ ಸರಪಳಿ ಹಿಡ್ಕೊಂಡು ಹೋಗ್ತೀರ?" ಅಂತ ಕೂಗಿದಳು. ಮೂವತ್ತನಾಲ್ಕು ವರ್ಷ ಸರ್ವೇ ಇಲಾಖೆಯಲ್ಲಿದ್ದವನು ನಾನು. ಅರಸೀಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟದ ಬದುಗಳ ಮೇಲೆ ನಡೆದೇ ಮೊಣಕಾಲು ಸವೆದಿದೆ. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಅಳಿಯ ನಕ್ಷೆ ನೋಡಿ ಅಯೋವಾ ರಾಜ್ಯದ ವಿನ್ನೆಶೀಕ್ ಕೌಂಟಿ ಆರಿಸಿದರು. ರಾಚೆಸ್ಟರ್‌ನಿಂದ 52ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಒಂದೂವರೆ ಗಂಟೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ವಿಸ್ತೀರ್ಣ ಸುಮಾರು 690 ಚದರ ಮೈಲಿ, ಅರಸೀಕೆರೆ ತಾಲ್ಲೂಕಿಗಿಂತ ದೊಡ್ಡದು. ಜನ ಮಾತ್ರ 2020ರ ಗಣತಿಯಲ್ಲಿ 20,070. ನಮ್ಮ ಕಡೆಯ ಒಂದು ಹೋಬಳಿಯಲ್ಲೇ ಇದಕ್ಕಿಂತ ಹೆಚ್ಚು ಜನ ಸಿಗುತ್ತಾರೆ.

ಆಗಸ್ಟ್ ಕೊನೆ. ಎರಡೂ ಕಡೆ ಆಳೆತ್ತರ ಮೀರಿದ ಮುಸುಕಿನ ಜೋಳ, ನಡುನಡುವೆ ಸೋಯಾ. ಅಡ್ಡರಸ್ತೆಗಳೆಲ್ಲ ಮೈಲಿಗೊಂದರಂತೆ, ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ. 1785ರಲ್ಲಿ ಇವರು ಮಾಡಿಕೊಂಡ ಕಾನೂನಿನ ಗುರುತು ಅದು. ಇಡೀ ನೆಲವನ್ನು ಆರು ಮೈಲಿಗೆ ಆರು ಮೈಲಿಯ ಟೌನ್‌ಶಿಪ್‌ಗಳಾಗಿ ಕೊಯ್ಯುವುದು, ಒಂದೊಂದರಲ್ಲೂ 36 ಸೆಕ್ಷನ್, ಸೆಕ್ಷನ್ನಿಗೆ 640 ಎಕರೆ, ಆಮೇಲಿನ ಕಾನೂನುಗಳಲ್ಲಿ ಅದರ ಕಾಲುಭಾಗ 160 ಎಕರೆ ಒಬ್ಬ ರೈತನಿಗೆ. 16ನೇ ಸೆಕ್ಷನ್ ಶಾಲೆಗೆ ಮೀಸಲು. ಹಳ್ಳ, ದಿಣ್ಣೆ, ಕೆರೆ ಯಾವುದನ್ನೂ ಕೇಳುವ ಹಾಗಿಲ್ಲ. ನಮ್ಮಲ್ಲಿ ಮೊದಲು ಊರು, ಆಮೇಲೆ ಹೊಲ, ಕೊನೆಗೆ ಸರ್ವೇ ನಂಬರು. ಬದು ಎಲ್ಲಿ ಸೊಟ್ಟಗಿದೆಯೋ ನಕ್ಷೆಯೂ ಅಲ್ಲಿ ಸೊಟ್ಟಗೆ. ಇಲ್ಲಿ ನಂಬರು ಮೊದಲು ಹುಟ್ಟಿ, ಊರು ಆಮೇಲೆ ಬಂದು ಅದರೊಳಗೆ ಕೂತಿದೆ.

ನೆಟ್ಟಗಿದ್ದ ಒಂದು ರಸ್ತೆ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿ, ಸ್ವಲ್ಪ ದೂರ ಹೋಗಿ ಮತ್ತೆ ನೆಟ್ಟಗಾಯಿತು. ಏಳು ವರ್ಷದ ಮೊಮ್ಮಗ "ತಾತಾ, ಯಾಕೆ ಇಲ್ಲಿ ತಿರುಗಿತು?" ಅಂದ. ಭೂಮಿ ದುಂಡಗಿದೆಯಪ್ಪ, ಉತ್ತರಕ್ಕೆ ಹೋದಂತೆ ರೇಖೆಗಳು ಹತ್ತಿರ ಬರುತ್ತವೆ, ಚೌಕ ಚೌಕವಾಗಿ ಉಳಿಯುವುದಿಲ್ಲ, ಅದಕ್ಕೇ ಅಲ್ಲಲ್ಲಿ ಒಂದು ತಿದ್ದುಪಡಿ ಗೆರೆ ಹಾಕಿ ಹೊಸದಾಗಿ ಶುರು ಮಾಡುತ್ತಾರೆ ಅಂತ ವಿವರಿಸಿದೆ. ಮಗಳು ಕನ್ನಡಿಯಲ್ಲಿ ನೋಡಿ ನಕ್ಕಳು. ಹುಡುಗ ಆಗಲೇ ಟ್ಯಾಬ್ಲೆಟ್ಟಿಗೆ ಕಣ್ಣು ಹಾಕಿದ್ದ.

ಕೌಂಟಿಯ ಮುಖ್ಯ ಊರು ಡಿಕೋರಾ ಹತ್ತಿರವಾದಂತೆ ಆ ಚೌಕಗಳೆಲ್ಲ ಕಲಸಿಹೋದವು. ಕೊನೆಯ ಹಿಮಯುಗದ ಹಿಮರಾಶಿ ಈ ಭಾಗಕ್ಕೆ ಬರಲಿಲ್ಲವಂತೆ. ಹಾಗಾಗಿ ಸುತ್ತಲ ಸೀಮೆಯಂತೆ ಚಪ್ಪಟೆಯಾಗದೆ ಗುಡ್ಡ, ಕಣಿವೆ, ಸುಣ್ಣಕಲ್ಲಿನ ಬಂಡೆ, ಬಂಡೆಯೊಳಗಿಂದ ನುಗ್ಗುವ ಒರತೆಗಳು ಉಳಿದಿವೆ. ಸಂಜೆ ಡನ್ನಿಂಗ್ಸ್ ಸ್ಪ್ರಿಂಗ್ ಎಂಬ ಒರತೆಯ ಜಲಪಾತದ ಕೆಳಗೆ ನಿಂತೆವು. ನೀರು ಐಸ್ ಪೆಟ್ಟಿಗೆಯಿಂದ ತೆಗೆದ ಹಾಗೆ. ನನ್ನವಳು ಕಾಲು ಇಟ್ಟು "ಅಯ್ಯಪ್ಪಾ" ಅಂದು ತೆಗೆದಳು.

ರಾತ್ರಿ ಮೋಟೆಲಿನಲ್ಲಿ ಮಗಳು ಲ್ಯಾಪ್‌ಟಾಪಿನಲ್ಲಿ ಈ ಕಡೆಯ ಹಳೆಯ ಸರ್ವೇ ದಾಖಲೆ ತೆರೆದುಕೊಟ್ಟಳು. ಸರ್ಕಾರ ಎಲ್ಲವನ್ನೂ ಬಿಟ್ಟಿ ನೋಡಲು ಇಟ್ಟಿದೆ. ಹನ್ನೊಂದು ಗಂಟೆಯವರೆಗೂ ಕೂತು ನೋಡಿದೆ. ನಮ್ಮ ಸರಪಳಿ 33 ಅಡಿ, 16 ಆಣೆ. ಸರಪಳಿ ಉದ್ದ ಸರಪಳಿ ಅಗಲಕ್ಕೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಇವರ ಲೆಕ್ಕದ ಸರಪಳಿ 66 ಅಡಿ, 100 ಕೊಂಡಿ. 17ನೇ ಶತಮಾನದ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ ಮಾಡಿಕೊಟ್ಟದ್ದು. ಆದರೆ ಲೆಕ್ಕ 66ರಲ್ಲಿದ್ದರೂ ಹೊಲದಲ್ಲಿ ಎಳೆಯುತ್ತಿದ್ದದ್ದು ಅದರ ಅರ್ಧ, 50 ಕೊಂಡಿಯ 33 ಅಡಿ ಸರಪಳಿ! ಅರ್ಧ ಭೂಮಿ ಸುತ್ತಿ ಬಂದರೂ ನನ್ನ ಕೈಯಲ್ಲಿ ಸವೆದದ್ದರ ಉದ್ದವೇ ಇಲ್ಲಿಯೂ. ಇಲಾಖೆಯಲ್ಲಿದ್ದಾಗ ಗುಂಟೆ ಎಂಬ ಹೆಸರು ಗುಂಟರ್‌ನಿಂದಲೇ ಬಂತು ಅಂತ ಹೊಸ ಹುಡುಗರಿಗೆ ಸುಳ್ಳು ಹೇಳಿ ನಂಬಿಸುತ್ತಿದ್ದೆವು.

ಮೂಲೆಗೆ ಬಾಂದು ಕಲ್ಲಿಲ್ಲ, ಮರದ ಗೂಟ. ಗೂಟ ಕೊಳೆತರೆ? ಅದಕ್ಕೆ ಸುತ್ತಲ ಮರಗಳನ್ನೇ ಸಾಕ್ಷಿ ಮಾಡಿ, ಯಾವ ಜಾತಿ, ಎಷ್ಟು ಇಂಚು ದಪ್ಪ, ಗೂಟದಿಂದ ಯಾವ ದಿಕ್ಕಿಗೆ ಎಷ್ಟು ಕೊಂಡಿ ದೂರ ಅಂತ ಬರೆದಿಟ್ಟಿದ್ದಾರೆ. ಪುಟಪುಟದಲ್ಲೂ ಓಕ್ ಮರ. ಮಣ್ಣಿಗೆ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ. ಮಣ್ಣಿನ ಗುಣವನ್ನು ಆಣೆ ಲೆಕ್ಕದಲ್ಲಿ ಗುರುತಿಸುವ ನಮ್ಮ ಆಣೆವಾರಿ ವರ್ಗೀಕರಣದ ಮುಂದೆ ಇದು ಒರಟು ಕೆಲಸ ಅನ್ನಿಸಿತು. ಆದರೆ ಸರಪಳಿ ಹಿಡಿಯುವ ಆಳುಗಳಿಗೂ ಪ್ರಮಾಣವಚನ ಮಾಡಿಸುತ್ತಿದ್ದರಂತೆ. ನಮ್ಮಲ್ಲೂ ಮಾಡಿಸಿದ್ದರೆ ಎಷ್ಟೋ ಬದು ಜಗಳ ಕೋರ್ಟಿಗೆ ಹೋಗುತ್ತಿರಲಿಲ್ಲ.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಮೋಟೆಲಿನ ತಿಂಡಿ ನಂಬದೆ ಮಗಳು ತಂದಿದ್ದ ಚಪಾತಿ, ಚಟ್ನಿಪುಡಿ ತಿಂದು ನೈಋತ್ಯಕ್ಕೆ ಹೊರಟೆವು. ಕ್ಯಾಲ್ಮರ್ ಎಂಬ ಊರು ದಾಟಿದರೆ ಫೋರ್ಟ್ ಅಟ್ಕಿನ್ಸನ್. ಪುಟ್ಟ ಊರು, ಅದರ ಮೇಲಿನ ದಿಣ್ಣೆಯಲ್ಲಿ ಕೋಟೆ. ಕೋಟೆ ಅಂದ ಕೂಡಲೇ ಚಿತ್ರದುರ್ಗ ನೆನೆದು ಹೋದರೆ ನಿರಾಸೆ ಖಂಡಿತ. ಸುಣ್ಣಕಲ್ಲಿನ ಒಂದು ಉದ್ದನೆಯ ಸಿಪಾಯಿ ಮನೆ, ಮೂಲೆಯಲ್ಲಿ ಕಲ್ಲಿನ ಕಾವಲುಮನೆ, ಮದ್ದಿನ ಕೋಣೆ, ಈಚೆಗೆ ನೆಟ್ಟ ಮರದ ಬೇಲಿ, ನಡುವೆ ಹುಲ್ಲು ಬಯಲು. ಮ್ಯೂಸಿಯಂ ತೆರೆಯುವ ದಿನ ನೋಡಿಕೊಂಡು ಬರಬೇಕಿತ್ತು, ನಾವು ನೋಡಿರಲಿಲ್ಲ. ಬಾಗಿಲ ಬೀಗ ನೋಡಿಕೊಂಡು ಹೊರಗೇ ಸುತ್ತಿದೆವು. ಹೆಜ್ಜೆ ಹಾಕಿ ಅಳೆದೆ, ಎಕರೆಗೆ ಸ್ವಲ್ಪ ಮೇಲೆ ಬಂತು.

ಈ ಒಂದು ಎಕರೆ ಬಯಲಿಗಾಗಿಯೇ ನಾನು ಇಷ್ಟು ದೂರ ಬಂದದ್ದು ಅಂತ ಆಮೇಲೆ ಅನ್ನಿಸಿತು.

1825ರಲ್ಲಿ ಮಿಸಿಸಿಪ್ಪಿ ದಡದ ಪ್ರೇರಿ ಡು ಶೀನ್‌ನಲ್ಲಿ ಅಮೆರಿಕ ಸರ್ಕಾರ ಒಂದು ದೊಡ್ಡ ಪಂಚಾಯಿತಿ ಸೇರಿಸಿತು. ಉತ್ತರದ ಡಕೋಟಾ ಜನರಿಗೂ ದಕ್ಷಿಣದ ಸಾಕ್, ಮೆಸ್ಕ್ವಾಕಿ ಜನರಿಗೂ ಬೇಟೆ ನೆಲದ ಜಗಳ. ನಡುವೆ ಒಂದು ಗೆರೆ ಎಳೆದರು. ಜಗಳ ನಿಲ್ಲಲಿಲ್ಲ. 1830ರಲ್ಲಿ ಗೆರೆಯ ಆಚೆ 20 ಮೈಲಿ, ಈಚೆ 20 ಮೈಲಿ ಎರಡೂ ಕಡೆಯವರಿಂದ ಬಿಡಿಸಿಕೊಂಡು 40 ಮೈಲಿ ಅಗಲದ ಪಟ್ಟಿ ಮಾಡಿದರು. ಅದರ ಹೆಸರು ನ್ಯೂಟ್ರಲ್ ಗ್ರೌಂಡ್. ಯಾರದ್ದೂ ಅಲ್ಲದ ನೆಲ ಅನ್ನಿ. 1832ರಲ್ಲಿ ಅದನ್ನು ಅಳೆದವನು ಕ್ಯಾಪ್ಟನ್ ನೇಥನ್ ಬೂನ್, ಕೆಂಟಕಿಯ ಹೆಸರುವಾಸಿ ಡೇನಿಯಲ್ ಬೂನನ ಮಗ. ಇಬ್ಬರು ದಾಯಾದಿಗಳ ಜಗಳದ ಹೊಲವನ್ನು ತಹಸೀಲ್ದಾರರೇ ಇಟ್ಟುಕೊಂಡ ಕಥೆ ನಮ್ಮ ಕಡೆ ಕೇಳಿದ್ದೆ. ಇದು ಅದರ ದೊಡ್ಡ ರೂಪ.

ಯಾರದ್ದೂ ಅಲ್ಲದ ಈ ನೆಲಕ್ಕೆ ಮೂರನೆಯವರನ್ನು ತಂದು ಬಿಟ್ಟರು. ಹೋ-ಚಂಕ್ ಜನ. ಬಿಳಿಯರು ಇವರನ್ನು ವಿನ್ನೆಬೇಗೊ ಎಂದು ಕರೆಯುತ್ತಿದ್ದರು. ಇವರ ಊರು ನದಿಯಾಚೆ, ಈಗಿನ ವಿಸ್ಕಾನ್ಸಿನ್. 1837ರಲ್ಲಿ ಅವರ ಕೆಲವರನ್ನು ವಾಷಿಂಗ್ಟನ್ನಿಗೆ ಕರೆಸಿಕೊಂಡು, ಉಳಿದಿದ್ದ ನೆಲವನ್ನೂ ಬಿಟ್ಟುಕೊಡುವ ಪತ್ರಕ್ಕೆ ರುಜು ಹಾಕಿಸಿದರು. ನೆಲ ಮಾರುವ ಅಧಿಕಾರ ಆ ನಿಯೋಗಕ್ಕೆ ಇರಲೇ ಇಲ್ಲ. ಜಾಗ ಖಾಲಿ ಮಾಡಲು ಎಂಟು ವರ್ಷ ಇದೆ ಅಂತ ಅವರು ತಿಳಿದಿದ್ದರು. ಪತ್ರದಲ್ಲಿ ಬರೆದಿದ್ದದ್ದು ಎಂಟು ತಿಂಗಳು. ಓದು ಬಾರದವನ ಹೆಬ್ಬೆಟ್ಟು ಒತ್ತಿಸಿಕೊಂಡ ಕ್ರಯಪತ್ರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದರೆ ಇಡೀ ಸೀಮೆಯದ್ದು ಕಂಡಿರಲಿಲ್ಲ.

1840ರಲ್ಲಿ ಸೈನ್ಯ ಅವರನ್ನು ನದಿ ದಾಟಿಸಿತು. ಅದೇ ವರ್ಷ ಐದನೇ ಪದಾತಿ ದಳದ ಕ್ಯಾಪ್ಟನ್ ಐಸಾಕ್ ಲಿಂಡ್ ತನ್ನ ತುಕಡಿಯೊಂದಿಗೆ ಈ ದಿಣ್ಣೆಗೆ ಬಂದು ಕೋಟೆ ಕಟ್ಟಲು ಶುರು ಮಾಡಿದ. ಸಾಮಾನ್ಯವಾಗಿ ಇಲ್ಲಿನ ಕೋಟೆ ಅಂದರೆ ಬಿಳಿಯರನ್ನು ಮೂಲನಿವಾಸಿಗಳಿಂದ ಕಾಯಲು. ಇದರ ಕೆಲಸ ತಿರುಗುಮುರುಗು. ಹೋ-ಚಂಕ್ ಜನರನ್ನು ಅಕ್ಕಪಕ್ಕದ ವೈರಿಗಳಿಂದಲೂ, ಒತ್ತುವರಿಗೆ ಬರುವ ಬಿಳಿಯರಿಂದಲೂ ಕಾಯಬೇಕು. ಜೊತೆಗೆ ಅವರು ವಾಪಸು ವಿಸ್ಕಾನ್ಸಿನ್ನಿಗೆ ಓಡಿಹೋಗದಂತೆಯೂ ನೋಡಿಕೊಳ್ಳಬೇಕು. ಟರ್ಕಿ ನದಿಯ ದಂಡೆಯಲ್ಲಿ ಅವರಿಗಾಗಿ ಏಜೆನ್ಸಿ ಎಂಬ ಒಂದು ಸರ್ಕಾರಿ ಕಚೇರಿ, ಶಾಲೆ ನಡೆಯಿತು. ಡೇವಿಡ್ ಲೌರಿ ಎಂಬ ಪಾದ್ರಿ ಅದನ್ನು ನೋಡಿಕೊಳ್ಳುತ್ತಿದ್ದ.

ಇದೆಲ್ಲ ಎಷ್ಟು ವರ್ಷ? ಎಂಟೇ ವರ್ಷ. 1846ರ ಅಕ್ಟೋಬರಿನಲ್ಲಿ ಇನ್ನೊಂದು ಒಪ್ಪಂದ, ಈ ನೆಲವೂ ಹೋಯಿತು. ಅದೇ ಡಿಸೆಂಬರ್ 28ಕ್ಕೆ ಅಯೋವಾ ರಾಜ್ಯವಾಯಿತು. 1848ರಲ್ಲಿ ಹೋ-ಚಂಕ್ ಜನರನ್ನು ಉತ್ತರಕ್ಕೆ, ಮಿನ್ನೆಸೋಟಾದ ಲಾಂಗ್ ಪ್ರೇರಿಗೆ ಹೊರಡಿಸಿದರು. ಮುಖ್ಯಸ್ಥ ವಿನ್ನೆಶೀಕ್ ಹೊರಡಲು ಒಪ್ಪದೆ ಹಟ ಹಿಡಿದಿದ್ದ. ಅಲ್ಲಿಂದ 1855ರಲ್ಲಿ ಬ್ಲೂ ಅರ್ತ್, 1863ರಲ್ಲಿ ಡಕೋಟಾದ ಕ್ರೋ ಕ್ರೀಕ್, ಆಮೇಲೆ ನೆಬ್ರಾಸ್ಕಾ. ಎತ್ತಿಹಾಕಿದ ಕಡೆಯಿಂದೆಲ್ಲ ಒಂದಷ್ಟು ಜನ ಕಾಲ್ನಡಿಗೆಯಲ್ಲಿ ಮತ್ತೆ ವಿಸ್ಕಾನ್ಸಿನ್ನಿಗೆ ಬರುತ್ತಲೇ ಇದ್ದರು. ಇವತ್ತಿಗೂ ಅಲ್ಲೊಂದು ಹೋ-ಚಂಕ್ ನೇಷನ್ ಇದೆ, ನೆಬ್ರಾಸ್ಕಾದಲ್ಲಿ ವಿನ್ನೆಬೇಗೊ ಬುಡಕಟ್ಟಿದೆ. ಈ ಕೌಂಟಿಯಲ್ಲಿ ಉಳಿದದ್ದು ಅವರ ಹೆಸರುಗಳು. ಕೌಂಟಿಗೆ ವಿನ್ನೆಶೀಕನ ಹೆಸರು, ಊರಿಗೆ ವಾಕಾನ್ ಡಿಕೋರಾ ಎಂಬ ಇನ್ನೊಬ್ಬ ಮುಖ್ಯಸ್ಥನ ಹೆಸರು. ಆ 'ಡಿಕೋರಾ' ಕೂಡ ಮೂಲದಲ್ಲಿ ಫ್ರೆಂಚ್. 18ನೇ ಶತಮಾನದಲ್ಲಿ ಡೆಕಾರಿ ಎಂಬ ಫ್ರೆಂಚ್ ತುಪ್ಪಳ ವ್ಯಾಪಾರಿ 'ಬೆಳಗಿನ ಪ್ರಭೆ' ಎಂದು ಹೆಸರಾದ ಹೋ-ಚಂಕ್ ನಾಯಕಿಯನ್ನು ಮದುವೆಯಾಗಿದ್ದ, ಅವರ ಸಂತತಿಯ ಮನೆತನ ಇದು.

ಕಾಯಬೇಕಾದವರೇ ಹೋದ ಮೇಲೆ ಕೋಟೆ ಯಾಕೆ? 1849ರಲ್ಲಿ ಸೈನ್ಯ ಬಿಟ್ಟುಹೋಯಿತು. ಸುತ್ತಲಿನವರು ಕಲ್ಲು, ತೊಲೆ ಕಿತ್ತುಕೊಂಡು ಹೋಗಿ ಮನೆ, ಕೊಟ್ಟಿಗೆ ಕಟ್ಟಿಕೊಂಡರು. ಪಾಳುಗೋಡೆಯ ಕಲ್ಲು ಕಂಡರೆ ರೈತ ಬಿಡುತ್ತಾನೆಯೇ, ಹಂಪಿಯ ಸುತ್ತಮುತ್ತ ನೋಡಿಲ್ಲವೇ!

ಅಳಿಯ ಕೇಳಿದರು, "ಮಾವ, ಹಾಗಾದರೆ ಆಮೇಲೆ ಬಂದ ರೈತರು ಯಾರ ಹತ್ತಿರ ಜಮೀನು ಕೊಂಡರು?" ಸರ್ಕಾರದ ಹತ್ತಿರ. ಅಯೋವಾದಲ್ಲಿ ಪ್ರತಿ ಆಸ್ತಿಗೂ ಅಬ್‌ಸ್ಟ್ರಾಕ್ಟ್ ಅಂತ ಒಂದು ಕಟ್ಟು ಇರುತ್ತದೆ, ನಮ್ಮ ಋಣಭಾರ ಪತ್ರ, ಮ್ಯುಟೇಶನ್ ಎಲ್ಲ ಸೇರಿಸಿ ಹೊಲಿದ ಹಾಗೆ. ಅದರ ಮೊದಲ ನಮೂದು ಅಮೆರಿಕ ಸರ್ಕಾರ ಇಂಥವನಿಗೆ ಕೊಟ್ಟ ಪೇಟೆಂಟ್, ಅಂದರೆ ಭೂಮಿಯ ಹಕ್ಕುಪತ್ರ. ಅದಕ್ಕೆ ಹಿಂದಿನ ಪುಟವೇ ಇಲ್ಲ. ನಮ್ಮ ಪಹಣಿಯಲ್ಲಾದರೆ 9ನೇ ಕಾಲಮ್ಮಿನಲ್ಲಿ ಮಾಲೀಕನಾಗಿ ಯಾರೇ ಇರಲಿ, 12ರ ಎರಡರಲ್ಲಿ ಉಳುವವನ ಹೆಸರು ಬರೆಯಲು ಒಂದು ಜಾಗವಾದರೂ ಇದೆ. 1974ರ ಭೂಸುಧಾರಣೆಯ ನಂತರ ಎಷ್ಟು ಗೇಣಿದಾರರು ಆ ಒಂದು ಕಾಲಮ್ಮಿನ ಆಸರೆಯಲ್ಲಿ ಭೂಮಾಲೀಕರಾದರು ಅನ್ನುವುದನ್ನು ನೋಡಿದವನಿಗೆ ಇಂಥ ಖಾಲಿ ಜಾಗ ಬೇಗ ಕಣ್ಣಿಗೆ ಬೀಳುತ್ತದೆ.

ಮಧ್ಯಾಹ್ನ ಡಿಕೋರಾಕ್ಕೆ ವಾಪಸಾಗಿ ವೆಸ್ಟರ್‌ಹೈಮ್ ಮ್ಯೂಸಿಯಂ. ನಾರ್ವೆಯಿಂದ ಬಂದವರದ್ದು. 1877ರಲ್ಲಿ ಇಲ್ಲಿನ ಲೂಥರ್ ಕಾಲೇಜಿನಲ್ಲಿ ಶುರುವಾದ ಸಂಗ್ರಹ. ಹೋ-ಚಂಕ್ ಜನ ಹೋಗಿ ಒಂದು ವರ್ಷಕ್ಕೆ, 1849ರಲ್ಲಿ, ಡೇ ಎಂಬ ಕುಟುಂಬ ಬಂದು ಡಿಕೋರಾ ಊರು ಹೂಡಿತು. ಮರುವರ್ಷವೇ ವಿಸ್ಕಾನ್ಸಿನ್ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ನಾರ್ವೆಯವರು. ತವರಿನಲ್ಲಿ ಬಂಡೆ, ಚಳಿ, ಮಕ್ಕಳಿಗೆ ಹಂಚಿ ಹಂಚಿ ಚೂರಾದ ಹೊಲ. ಇಲ್ಲಿ ಎಕರೆಗೆ ಒಂದೂಕಾಲು ಡಾಲರ್, 160 ಎಕರೆಗೆ 200 ಡಾಲರ್. 1841ರ ಕಾನೂನಿನ ಪ್ರಕಾರ ಮೊದಲು ಕೂತು ಉಳುಮೆ ಮಾಡಿದವನಿಗೇ ಕೊಳ್ಳುವ ಹಕ್ಕು. ನಮ್ಮ ಭಾಷೆಯಲ್ಲಿ ಬಗರ್ ಹುಕುಂ ಸಕ್ರಮ! ದುಡ್ಡಿಲ್ಲದವರು ಮೆಕ್ಸಿಕೋ ಯುದ್ಧದ ಸಿಪಾಯಿಗಳಿಗೆ ಇನಾಮಾಗಿ ಸಿಕ್ಕ ಭೂಮಿ ಚೀಟಿಗಳನ್ನು ಅಗ್ಗಕ್ಕೆ ಕೊಂಡು ಅದನ್ನೇ ಕಟ್ಟುತ್ತಿದ್ದರು. 1855ರ ಕೊನೆಗೆ ಸರ್ಕಾರದ ಭೂಮಿ ಕಚೇರಿ ಡಿಕೋರಾಕ್ಕೇ ಬಂತು, ಮರುವರ್ಷ ಎದ್ದು ಬೇರೆ ಊರಿಗೆ ಹೋಯಿತು. ಆ ಅಷ್ಟು ತಿಂಗಳು ಊರಿನ ಹೋಟೆಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಟೀ ಅಂಗಡಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಮ್ಯೂಸಿಯಮ್ಮಿನಲ್ಲಿ ಹೂಬಳ್ಳಿ ಚಿತ್ರ ಬರೆದ ಮರದ ಪೆಟ್ಟಿಗೆಗಳು, ಒಂದೊಂದರ ಮೇಲೂ ಒಡೆಯನ ಹೆಸರು, ಇಸವಿ. ನನ್ನವಳಿಗೆ ಅವು ಅವಳಜ್ಜಿಯ ಸಂದೂಕ ನೆನಪಿಸಿದವು. ನನ್ನನ್ನು ನಿಲ್ಲಿಸಿದ್ದು ಒಂದು ಮರದ ದಿಮ್ಮಿಯ ಗುಡಿಸಲು. ಒಂದೇ ಕೋಣೆ. ಎಗ್ಗೆ ಎಂಬ ರೈತ ದಂಪತಿ ಮತ್ತು ಎರಡು ಮಕ್ಕಳ ಮನೆ. 1853ರ ಡಿಸೆಂಬರಿನಲ್ಲಿ ನಾರ್ವೆಯಿಂದ ಬಂದ ಪಾದ್ರಿ ಉಲ್ರಿಕ್ ಕೋರೆನ್, ಹೆಂಡತಿ ಎಲಿಸಬೆತ್ ಅದೇ ಕೋಣೆಯಲ್ಲಿ ಉಳಿದರು. ಮಿಸಿಸಿಪ್ಪಿಯ ಪಶ್ಚಿಮಕ್ಕೆ ಬಂದು ನೆಲೆಸಿದ ಮೊದಲ ನಾರ್ವೆ ಪಾದ್ರಿ ಅವನು. ಎರಡು ಸಂಸಾರದ ನಡುವೆ ಬಟ್ಟೆಯ ಪರದೆ ಒಂದೇ ಗೋಡೆ. ಅನುಕೂಲಸ್ಥರ ಮನೆಯಲ್ಲಿ ಬೆಳೆದ ಎಲಿಸಬೆತ್ ಆ ಚಳಿಗಾಲದ ದಿನಚರಿ ಬರೆದಿಟ್ಟಳು. ಗಂಡ ಸಭೆಯಿಂದ ಸಭೆಗೆ ವಾರಗಟ್ಟಲೆ ಹೋಗುತ್ತಿದ್ದ, ಇವಳು ಕಾಯುತ್ತಿದ್ದಳು. ನನ್ನವಳು ಗುಡಿಸಿಲಿನೊಳಗೆ ಬಗ್ಗಿ ನೋಡಿ "ಕೊರಟಗೆರೆಲಿ ನಮ್ಮ ಕ್ವಾರ್ಟರ್ಸ್ ಇದಕ್ಕಿಂತ ದೊಡ್ಡದಿತ್ತಾ?" ಅಂತ ಕೇಳಿದಳು. ನಾನು ಕ್ಯಾಂಪಿಗೆ ಹೋಗುತ್ತಿದ್ದ ದಿನಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅಂತ ಗೊತ್ತಾಯಿತು.

ಸಂಜೆ ಲೆಫ್ಸೆ ತಿಂದೆವು. ಆಲೂಗಡ್ಡೆ, ಮೈದಾ ಕಲಸಿ ಗೀರು ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಸುಟ್ಟು, ಬೆಣ್ಣೆ ಸಕ್ಕರೆ ಸವರಿ ಸುರುಳಿ ಮಾಡಿಕೊಡುತ್ತಾರೆ. ಹೂರಣ ಮರೆತ ಒಬ್ಬಟ್ಟು ಅಂತ ಮನೆಯವಳ ತೀರ್ಪು. ಎರಡು ತಿಂದಳು.

ಮೂರನೇ ದಿನ, ಶನಿವಾರ

ಸ್ಪಿಲ್‌ವಿಲ್. ಇದು ಚೆಕ್ ಜನರ ಊರು. ನಾರ್ವೆಯವರ ಬೆನ್ನಿಗೇ 1854ರ ಹೊತ್ತಿಗೆ ಬೊಹೀಮಿಯಾದಿಂದ ಬಂದವರು ಟರ್ಕಿ ನದಿಯ ಪಕ್ಕ ನೆಲೆಸಿ, 1860ರಲ್ಲಿ ಸೇಂಟ್ ವೆನ್ಸೆಸ್ಲಾಸ್ ಚರ್ಚ್ ಕಟ್ಟಿದರು. ಅಮೆರಿಕದಲ್ಲಿ ಇಂದಿಗೂ ಉಳಿದಿರುವ ಚೆಕ್ ಕ್ಯಾಥೊಲಿಕ್ ಚರ್ಚುಗಳಲ್ಲೆಲ್ಲ ಹಳೆಯದು ಅನ್ನುತ್ತಾರೆ. ಪಕ್ಕದ ಸ್ಮಶಾನದಲ್ಲಿ ಎರಕದ ಕಬ್ಬಿಣದ ಶಿಲುಬೆಗಳು, ಈ ಊರಿನ ಚಾರ್ಲ್ಸ್ ಆಂಡೆರಾ ಎಂಬಾತನ ಕೈಕೆಲಸ. ನಾನು ಕಾಡಿನ ಕಡೆಯ ಬೇಲಿ ನೋಡುತ್ತಿದ್ದರೆ ಮಗಳು ಗದರಿದಳು: "ಅಪ್ಪ, ಇವತ್ತು ಒಂದು ದಿನ ಗಡಿ ನೋಡಬೇಡ."

1893ರ ಬೇಸಿಗೆಯನ್ನು ಚೆಕ್ ಸಂಗೀತಕಾರ ಆಂಟೊನಿನ್ ದ್ವೋರ್ಝಾಕ್ ಇಲ್ಲಿ ಕಳೆದ. ನ್ಯೂಯಾರ್ಕಿನಲ್ಲಿ ಕೆಲಸ, ಮನಸ್ಸೆಲ್ಲ ಊರಿನಲ್ಲಿ. ಅವನ ಕಾರ್ಯದರ್ಶಿ ಕೊವಾರ್ಝಿಕ್‌ನ ತವರು ಇದು. ಹೆಂಡತಿ, ಆರು ಮಕ್ಕಳೊಂದಿಗೆ ಬಂದಿಳಿದ. ಬೀದಿಯಲ್ಲೆಲ್ಲ ಚೆಕ್ ಭಾಷೆ! ಬಂದ ಮೂರನೇ ದಿನ, ಜೂನ್ 8ಕ್ಕೆ ಹಿಡಿದ ತಂತಿವಾದ್ಯಗಳ ಚತುಷ್ಕ 23ಕ್ಕೆ ಮುಗಿಯಿತು. ಬೆಳಿಗ್ಗೆ ಇದೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಆ ಬೇಸಿಗೆ ಔಷಧಿ ಮಾರುವ ತಂಡವೊಂದರ ಜೊತೆ ಮೂಲನಿವಾಸಿ ಕಲಾವಿದರು ಊರಿಗೆ ಬಂದು ಹಾಡಿ ಕುಣಿದರು. ಅವನು ಹೋಗಿ ಕೇಳಿದ. 45 ವರ್ಷದ ಹಿಂದೆ ಈ ನದಿಯ ದಂಡೆಯಲ್ಲಿ ಮನೆ ಮಾಡಿಕೊಂಡಿದ್ದ ಮಂದಿ ಈಗ ತೈಲ ಮಾರುವವರ ಗಾಡಿಯಲ್ಲಿ ಮಾತ್ರ ಕಾಣಸಿಗುತ್ತಿದ್ದರು.

ಅವನಿದ್ದ ಮನೆಯ ಕೆಳಗಡೆ ಬೀಲಿ ಗಡಿಯಾರ ಮ್ಯೂಸಿಯಂ. ಫ್ರಾಂಕ್, ಜೋಸೆಫ್ ಎಂಬ ಅಣ್ಣತಮ್ಮ, ಮದುವೆಯಿಲ್ಲ, ಬೇಸಾಯ ಮತ್ತು ಬಡಗಿ ಕೆಲಸ. ಚಳಿಗಾಲದ ರಾತ್ರಿಗಳಲ್ಲಿ ಕೆತ್ತಿದ ಗಡಿಯಾರಗಳು ಗೋಪುರದೆತ್ತರ. ಒಂದಕ್ಕೆ ಹೆನ್ರಿ ಫೋರ್ಡ್ ಹತ್ತು ಲಕ್ಷ ಡಾಲರ್ ಕೊಡುತ್ತೇನೆಂದರೂ ಮಾರಲಿಲ್ಲ ಅನ್ನುತ್ತಾರೆ. ಗಂಟೆಗೊಮ್ಮೆ ಅಪೊಸ್ತಲರ ಗೊಂಬೆಗಳು ಸರದಿಯಲ್ಲಿ ಬರುವುದನ್ನು ಮೊಮ್ಮಗ ಮೂರು ಸಲ ನೋಡಿಸಿದ. ಪ್ರವಾಸದಲ್ಲಿ ಅವನಿಗೆ ಹಿಡಿಸಿದ್ದು ಇದೊಂದೇ.

ನಾಲ್ಕನೇ ದಿನ, ಭಾನುವಾರ

ವಾಪಸು ಹೊರಡುವ ಮುನ್ನ ಡಿಕೋರಾದ ಉತ್ತರಕ್ಕಿರುವ ಸೀಡ್ ಸೇವರ್ಸ್ ತೋಟ, 890 ಎಕರೆ. 1975ರಲ್ಲಿ ಕೆಂಟ್ ಮತ್ತು ಡಯಾನ್ ವೀಲಿ ದಂಪತಿ ನಾಟಿ ಬೀಜ ಉಳಿಸಲು ಶುರು ಮಾಡಿದ ಸಂಸ್ಥೆ. ಡಯಾನ್ ಅವರ ಅಜ್ಜ ಕೊಟ್ಟ ಒಂದು ನೇರಳೆ ಹೂವಿನ ಬಳ್ಳಿಯ ಬೀಜ, ಒಂದು ಟೊಮ್ಯಾಟೊ ಬೀಜ ಅದಕ್ಕೆ ಮೂಲ. ಅವನ ಹಿರಿಯರು ಜರ್ಮನಿಯ ಬವೇರಿಯಾದಿಂದ ತಂದದ್ದು. ಕೊಟ್ಟಿಗೆಯ ಗೋಡೆ ತುಂಬ ಆ ನೇರಳೆ ಬಳ್ಳಿ. ನನ್ನವಳು ಅರ್ಧ ಗಂಟೆ ಬದನೆ, ಹುರುಳಿಕಾಯಿ ಸಾಲುಗಳಲ್ಲಿ ಕಳೆದುಹೋದಳು. ಬೂದಿ ಬೆರೆಸಿ ಮಡಕೆಯಲ್ಲಿ ಅವರೆ ಬೀಜ ಕಟ್ಟಿಡುತ್ತಿದ್ದ ನಮ್ಮತ್ತೆಯ ವಿಷಯವನ್ನು ಅಲ್ಲಿನ ಹುಡುಗಿಗೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹಿಂದಿರುಗುವಾಗ ರಾಜ್ಯದ ಗಡಿಯಲ್ಲಿ ಕಾರು ನಿಲ್ಲಿಸಿ ಅಂದೆ. 1852ರಲ್ಲಿ ಆಂಡ್ರ್ಯೂ ಟಾಲ್ಕಾಟ್ ಅಳೆದು ಗುರುತಿಸಿದ ಗೆರೆ, ಅಕ್ಷಾಂಶ 43 ಡಿಗ್ರಿ 30 ನಿಮಿಷ. ರಸ್ತೆ ಬದಿಯ ಹುಲ್ಲಿನಲ್ಲಿ ಒಂದು ಕಲ್ಲೋ ಗೂಟವೋ ಸಿಕ್ಕೀತೆಂದು ಕಾಲಿನಿಂದ ಸರಿಸಿ ನೋಡಿದೆ. ಎರಡೂ ಕಡೆ ಅದೇ ಜೋಳ, ಹಸಿರು ಬೋರ್ಡೊಂದು ಬಿಟ್ಟರೆ ಏನಿಲ್ಲ. ಕಾರಿನ ಕಿಟಕಿ ಇಳಿಸಿ ಅವಳು ಕೂಗಿದಳು:

"ರೀ, ಸಿಕ್ತಾ?"

"ಇಲ್ಲ ಕಣೆ."

"ಹಾಗಾದ್ರೆ ಹತ್ತಿ. ಲೆಫ್ಸೆ ತಣ್ಣಗಾಗ್ತಿದೆ."